ಆಟವಿಲ್ಲದ ತಿಂಗಳುಗಳು

ಅರಕಲಗೂಡು ತಾಲ್ಲೂಕಿನ ರಾಮನಾಥಪುರವು ಕಾವೇರಿಯ ದಡದ ಕ್ಷೇತ್ರ. ಹೊಗೆಸೊಪ್ಪಿನ ಹರಾಜುಕಟ್ಟೆಗೂ ಅದು ಹೆಸರಾದ ಊರು. ಮಳೆಗಾಲ ಹಿಂದಾದ ಮೇಲೆ ಸುತ್ತಣ ರೈತರು ಬ್ಯಾರನ್ನುಗಳಲ್ಲಿ ಬೇಯಿಸಿ ಹದಮಾಡಿದ ಸೊಪ್ಪನ್ನು ಬೇಲುಗಳಾಗಿ ಕಟ್ಟಿ ಅಲ್ಲಿಗೆ ತರುತ್ತಾರೆ. ಬಣ್ಣ, ಹದ, ದರ್ಜೆಗಳನ್ನು ನೋಡಿ ವ್ಯಾಪಾರಿಗಳು ಬೆಲೆ ಕಟ್ಟುತ್ತಾರೆ. ಕೆಲವು ಬೇಲುಗಳಿಗೆ ಎಣಿಸಿದ್ದಕ್ಕಿಂತ ಹೆಚ್ಚು ಬರುತ್ತದೆ. ಕೆಲವನ್ನು ಕೇಳುವವರೇ ಇಲ್ಲದೆ ಮರಳಿ ಗಾಡಿಗೇರಿಸಬೇಕಾಗುತ್ತದೆ. ಅದಕ್ಕೆ ಅಲ್ಲಿಯವರು ‘ನೋ ಬಿಡ್’ ಎನ್ನುತ್ತಾರೆ.

2024ನೆಯ ಇಸವಿ ನವೆಂಬರ್ 24 ಮತ್ತು 25ರಂದು ಇಂಥದೇ ಇನ್ನೊಂದು ಹರಾಜು ಸೌದಿ ಅರೇಬಿಯದ ಜೆಡ್ಡಾ ನಗರದಲ್ಲಿ ನಡೆಯಿತು. ಅಲ್ಲಿ ಬೆಲೆ ಕಟ್ಟಿಸಿಕೊಂಡವರು ಮನುಷ್ಯರು. ಐ.ಪಿ.ಎಲ್. ಎಂಬ ಕ್ರಿಕೆಟ್ ಪಂದ್ಯಾವಳಿಯ ಹತ್ತು ತಂಡಗಳು ಆಟಗಾರರನ್ನು ಕೊಂಡುಕೊಂಡ ಎರಡು ದಿನಗಳವು. ಹೊಗೆಸೊಪ್ಪಿನ ಹರಾಜನ್ನು ಕಂಡ ಮನೆಗಳ ಹುಡುಗರು ಅದನ್ನು ಮೊಬೈಲಿನಲ್ಲಿ ನೋಡಿದರು. ಅವರಿಗೆ ಯಾವ ಶಬ್ದವನ್ನೂ ವಿವರಿಸಿ ಹೇಳಬೇಕಾಗಲಿಲ್ಲ.

ಈ ಪಂದ್ಯಾವಳಿಯ ಅಭಿಮಾನಿಗೆ ವರ್ಷದಲ್ಲಿ ಆಟವು ಸುಮಾರು ಎರಡು ತಿಂಗಳು, ಮಾತು ಹತ್ತು ತಿಂಗಳು. ಹೊರಗಿನವರು ಆಟದ ತಿಂಗಳುಗಳನ್ನೇ ಮುಖ್ಯವೆಂದು ತಿಳಿಯುತ್ತಾರೆ. ಹಾಸನದ ಕಾಲೇಜಿನ ಜಗಲಿಯಲ್ಲಿ, ಹೊಳೆನರಸೀಪುರದ ಬಸ್ಸಿನ ನಿಲ್ದಾಣದಲ್ಲಿ, ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿಯ ದರ ವಿಚಾರಿಸಿ ಬಂದವರು ಕುಳಿತ ಕಾಫಿ ಹೋಟೆಲಿನಲ್ಲಿ ಕಿವಿಗೊಟ್ಟವರಿಗೆ ಹಾಗೆ ತೋರದು. ಯಾರನ್ನು ಉಳಿಸಿಕೊಂಡರು, ಯಾರನ್ನು ಬಿಟ್ಟರು, ನಾಯಕನಾರು ಎಂಬೀ ಚರ್ಚೆಗೆ ಸೋಲು ಗೆಲುವುಗಳ ಅಂಕುಶವಿಲ್ಲ. ಆದ್ದರಿಂದ ಅದಕ್ಕೆ ಕೊನೆಯೂ ಇಲ್ಲ. ಮನೆಯ ದಿನಸಿ ಲೆಕ್ಕವನ್ನು ಕೇಳಿದರೆ ತಡವರಿಸುವ ಹುಡುಗನು, ತಂಡಕ್ಕೆ ಗೊತ್ತುಮಾಡಿದ 120 ಕೋಟಿ ರೂಪಾಯಿಯಲ್ಲಿ ಉಳಿಸಿಕೊಂಡ ಮೂವರಿಗೆ 37 ಕೋಟಿ ಕಳೆದು ಬೆಂಗಳೂರಿನ ಕೈಯಲ್ಲಿ 83 ಕೋಟಿ ಉಳಿಯಿತೆಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ. ಹೊಸದಾಗಿ ಕೊಂಡವನ ಹೆಸರು ಕೇಳಿ ಕುಣಿಯುವ ಮೊಮ್ಮಗನನ್ನು ಹಜಾರದಲ್ಲಿ ಕುಳಿತ ಹಿರಿಯರು ಕೇಳುವುದುಂಟು: “ಅವನು ನಮ್ಮವನೇನೋ?”

“ಈಗ ನಮ್ಮವನು, ತಾತ.”

“ನೆನ್ನೆ ಯಾರವನಾಗಿದ್ದ?”

ಈ ಪ್ರಶ್ನೆಗೆ ಹುಡುಗನಲ್ಲಿ ಉತ್ತರವಿದೆ. ಅದು ತನಗೇ ಹಿತವಾದುದಲ್ಲವೆಂದು ಸುಮ್ಮನಿರುತ್ತಾನೆ.

ಜೆಡ್ಡಾದಲ್ಲಿ ಈ ಪ್ರಶ್ನೆ ತೀವ್ರವಾಗಿಯೇ ಎದ್ದಿತು. ಕೆ. ಎಲ್. ರಾಹುಲ್ ಕನ್ನಡ ನಾಡಿನವರು. ಹಿಂದೆ ಬೆಂಗಳೂರಿನ ತಂಡದಲ್ಲಿ ಆಡಿದ್ದವರು. ಅವರು ಮರಳಿ ಬರುವರೆಂದು ಜನ ತಿಂಗಳುಗಟ್ಟಲೆ ಮಾತನಾಡಿದ್ದರು. ಬೆಂಗಳೂರಿನವರು ಕೂಗಿದರು, ಬೆಲೆ ಏರಿತು, ಕೈಬಿಟ್ಟರು. ದೆಹಲಿಯವರು 14 ಕೋಟಿಗೆ ಕೊಂಡರು. ಏಳು ವರ್ಷ ಬೆಂಗಳೂರಿಗಾಗಿ ಬೆವರಿಳಿಸಿದ ಮಹಮ್ಮದ್ ಸಿರಾಜ್ ಗುಜರಾತಿಗೆ ಹೋದರು. ಕರ್ನಾಟಕದ ನಾಯಕರಾಗಿದ್ದ ಮಯಾಂಕ್ ಅಗರ್ವಾಲ್ ಅವರನ್ನು ಯಾರೂ ಕೇಳಲಿಲ್ಲ. ರಾಮನಾಥಪುರದ ಮಾತಿನಲ್ಲಿ ಹೇಳುವುದಾದರೆ ಅವರದು ‘ನೋ ಬಿಡ್’. (ಮುಂದಿನ ಮೇ ತಿಂಗಳಲ್ಲಿ ದೇವದತ್ತ ಪಡಿಕ್ಕಲ್ ಗಾಯಗೊಂಡಾಗ ಇದೇ ಮಯಾಂಕರನ್ನು ಬೆಂಗಳೂರಿನವರು ಕರೆಸಿಕೊಂಡರು, ಕೊನೆಯ ಪಂದ್ಯದಲ್ಲಿ ಅವರು ಆಡಿಯೂ ಆಡಿದರು. ಗಾಡಿಗೇರಿಸಿದ ಬೇಲಿಗೂ ಒಮ್ಮೊಮ್ಮೆ ಹೀಗೆ ದಿನ ಬರುತ್ತದೆ.)

2025ರ ಏಪ್ರಿಲ್ 10ರಂದು ರಾಹುಲ್ ದೆಹಲಿಯ ಪರವಾಗಿ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂದು, 53 ಎಸೆತಗಳಲ್ಲಿ ಔಟಾಗದೆ 93 ರನ್ನು ಹೊಡೆದು, ಬೆಂಗಳೂರನ್ನು ಸೋಲಿಸಿದರು. ಬಳಿಕ ಬ್ಯಾಟಿನಿಂದ ನೆಲದಲ್ಲಿ ವೃತ್ತವನ್ನು ಬರೆದು, ನಡುವೆ ಬ್ಯಾಟನ್ನು ಊರಿ, ಈ ನೆಲ ತನ್ನದೆಂದು ಸನ್ನೆಯಿಂದ ತೋರಿದರು. ‘ಕಾಂತಾರ’ ಚಲಚ್ಚಿತ್ರದಿಂದ ಆ ಸನ್ನೆಯನ್ನು ತೆಗೆದುಕೊಂಡುದಾಗಿ ಅವರೇ ಹೇಳಿದರು. ಅಂದು ಈ ಜಿಲ್ಲೆಯ ಅಭಿಮಾನಿಗಳಿಗೆ ಒದಗಿದ ಇಕ್ಕಟ್ಟು ಸಾಮಾನ್ಯವಾದುದಲ್ಲ. ಸೋಲಿಸಿದವನು ಮನೆಯ ಮಗ. ಸೋತದ್ದು ಮನೆಯ ಹೆಸರು. ಯಾರಿಗೆ ಚಪ್ಪಾಳೆ ತಟ್ಟಬೇಕು?

ಬಹುಪಾಲು ಜನ ಹೆಸರಿನ ಕಡೆಗೇ ನಿಂತರು. ಆ ಹೆಸರಾದರೂ ಎಲ್ಲಿಯದು? ಅದರ ಮೊದಲೆರಡು ಶಬ್ದಗಳು ಒಂದು ಮದ್ಯದ ಹೆಸರನ್ನು ಅನುಸರಿಸಿದವು. ಮೂರನೆಯ ಶಬ್ದವು 2024ರ ಮಾರ್ಚಿನಲ್ಲಷ್ಟೇ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಆಯಿತು. 2008ರಲ್ಲಿ 11 ಕೋಟಿ 16 ಲಕ್ಷ ಡಾಲರಿಗೆ ಒಬ್ಬ ಉದ್ಯಮಪತಿಯ ಸಂಸ್ಥೆ ಕೊಂಡ ಸ್ವತ್ತು ಅದು. ಹಾಸನದಿಂದ ಬೆಂಗಳೂರಿಗೆ ಸುಮಾರು 180 ಕಿಲೋಮೀಟರು ದಾರಿ. ಆಟವನ್ನು ಕಣ್ಣಾರೆ ಕಂಡವರು ಈ ಜಿಲ್ಲೆಯಲ್ಲಿ ಎಷ್ಟು ಮಂದಿ ಇದ್ದಾರು?

ಇಷ್ಟಾದರೂ ಅಭಿಮಾನಕ್ಕೆ ಬೇರಿಲ್ಲವೆನ್ನುವುದು ಸರಿಯಲ್ಲ. ಬೇರು ಆಟದಲ್ಲಿಲ್ಲ, ನೀರಿನಲ್ಲಿದೆ. ಬೆಂಗಳೂರಿನ ತಂಡವನ್ನು ಮೆಚ್ಚುವವನು ಮೊದಲು ಕಲಿಯುವ ಪಾಠವೆಂದರೆ ಚೆನ್ನೈಯ ತಂಡವನ್ನು ಒಲ್ಲದಿರುವುದು. ಹೊಳೆನರಸೀಪುರದ ಮಗ್ಗುಲಲ್ಲಿ ಹರಿಯುವ ಹೇಮಾವತಿ ಮುಂದೆ ಕಾವೇರಿಯನ್ನು ಕೂಡುತ್ತದೆ. ಆ ಕಾವೇರಿ ತಮಿಳುನಾಡಿಗೆ ಹೋಗುತ್ತದೆ. ಗೊರೂರಿನ ಅಣೆಕಟ್ಟೆಯಲ್ಲಿ ಎಷ್ಟು ನೀರು ನಿಂತಿದೆ, ಎಷ್ಟು ಬಿಡಬೇಕು ಎಂಬ ವಿಚಾರ ಇಲ್ಲಿಯ ಗದ್ದೆಯವರಿಗೆ ಹೊಟ್ಟೆಯ ಪಾಡು. ಮಳೆ ಕೈಕೊಟ್ಟ ವರ್ಷಗಳಲ್ಲಿ ಊಟದ ಎಲೆಯ ಮುಂದೆ ಕೇಳಿದ ಮಾತುಗಳೇ ಹುಡುಗನ ಬಾಯಲ್ಲಿ ಕ್ರಿಕೆಟ್ಟಿನ ಮಾತಾಗಿ ಹೊರಡುತ್ತವೆ. ಆ ಕಡೆಯೂ ಹಾಗೆಯೇ. 2018ರ ಏಪ್ರಿಲಿನಲ್ಲಿ ಕಾವೇರಿಯ ಚಳವಳಿಯಿಂದಾಗಿ ಚೆನ್ನೈಯ ತಂಡದ ಪಂದ್ಯಗಳನ್ನೇ ಪುಣೆಗೆ ಸಾಗಿಸಬೇಕಾಯಿತು.

ಈ ವೈರದಲ್ಲಿ ನಗು ತರಿಸುವ ಅಂಶಗಳು ಕಡಿಮೆಯಿಲ್ಲ. ಬೆಂಗಳೂರಿನವರ ಆರಾಧ್ಯಮೂರ್ತಿ ವಿರಾಟ್ ಕೊಹ್ಲಿ ದೆಹಲಿಯವರು. ಚೆನ್ನೈಯವರು ತಲೆಯ ಮೇಲೆ ಹೊತ್ತ ಧೋನಿ ರಾಂಚಿಯವರು. ಇಬ್ಬರಿಗೂ ಕಾವೇರಿಯ ಹಂಗಿಲ್ಲ. ರಾಮನಾಥಪುರ, ಬಸವಾಪಟ್ಟಣ, ಕೌಶಿಕಗಳ ಸಂಕೇತಿ ಮನೆಗಳಲ್ಲಿ ಇಂದಿಗೂ ತಮಿಳಿನ ನೆಂಟಸ್ತಿಕೆಯುಳ್ಳ ನುಡಿ ಬಳಕೆಯಲ್ಲಿದೆ. ಶತಮಾನಗಳ ಹಿಂದೆ ದಕ್ಷಿಣದಿಂದ ಬಂದ ಆ ಮನೆತನಗಳ ಮಕ್ಕಳು ಅದೇ ನುಡಿಯಲ್ಲಿ ಚೆನ್ನೈಯನ್ನು ಮೂದಲಿಸುವುದನ್ನು ಕೇಳಿದರೆ, ನಾಡಿನ ಅಭಿಮಾನವು ನಾಲಗೆಯೊಂದನ್ನೇ ನೆಚ್ಚಿಲ್ಲವೆಂದು ತಿಳಿಯುತ್ತದೆ. ಧೋನಿಯ ಮೇಲಣ ಪ್ರೀತಿಯಿಂದ ಹಳದಿ ಅಂಗಿ ತೊಟ್ಟ ತರುಣರೂ ಈ ನಾಲ್ಕು ಊರುಗಳಲ್ಲಿ ಇಲ್ಲದಿಲ್ಲ. ಗೆಳೆಯರ ನಡುವೆ ಅವರ ಪಾಡು ಬೀಗರ ಮನೆಯಲ್ಲಿ ತವರನ್ನು ಹೊಗಳಿದ ಸೊಸೆಯ ಪಾಡು. ಮಾತು ಬಿಟ್ಟ ಗೆಳೆತನಗಳೂ ಉಂಟು.

ನೆಲದ ಮಕ್ಕಳೇ ನೆಲಕ್ಕಾಗಿ ಆಡುವ ಪಂದ್ಯಗಳು ಬೇರೆ ಇವೆ. 2015ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ನಡೆದ ರಣಜಿ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಕರ್ನಾಟಕವು ತಮಿಳುನಾಡನ್ನೇ ಒಂದು ಇನ್ನಿಂಗ್ಸ್ ಮತ್ತು 217 ರನ್ನುಗಳಿಂದ ಸೋಲಿಸಿತು. ಕರುಣ್ ನಾಯರ್ ಒಬ್ಬರೇ 328 ಹೊಡೆದರು. ವೈರವೇ ಬೇಕೆಂದಿದ್ದರೆ ಇದಕ್ಕಿಂತ ದೊಡ್ಡ ಹಬ್ಬವುಂಟೆ? ಅಂದು ಹಾಸನದಲ್ಲಿ ಪಟಾಕಿ ಹೊಡೆದವರನ್ನು ಹುಡುಕಬೇಕು. ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಹೆಸರನ್ನು ಲೋಕಕ್ಕೆ ಮುಟ್ಟಿಸಿದ ಶ್ರೀನಾಥರು ಟೆಸ್ಟುಗಳಲ್ಲಿ 236 ವಿಕೆಟ್ ಪಡೆದವರು. ಅವರು ಆಡಿದ ಕಾಲದಲ್ಲಿ ಈ ಹರಾಜೇ ಇರಲಿಲ್ಲ. ಅವರು ಯಾರ ತಂಡಕ್ಕೆ ಹೋದಾರೆಂದು ಯಾರೂ ನಿದ್ದೆಗೆಡಬೇಕಾಗಿರಲಿಲ್ಲ.

ಅಮೆರಿಕದವರಲ್ಲಿ ಈ ಚಟ ಇನ್ನೂ ಹಳೆಯದು. ಅವರ ಫುಟ್‌ಬಾಲ್ ಆಟದ ಋತು ಫೆಬ್ರುವರಿಗೆ ಮುಗಿದು ಮತ್ತೆ ತೊಡಗುವುದು ಸೆಪ್ಟೆಂಬರಿನಲ್ಲಿ. ನಡುವಣ ತಿಂಗಳುಗಳೆಲ್ಲ ಆಯ್ಕೆ, ಬಿಡುಗಡೆ, ವಿನಿಮಯಗಳ ಸುದ್ದಿಯೇ. ಅಲ್ಲಿಯ ಕ್ಲೀವ್‌ಲೆಂಡ್ ಪಟ್ಟಣದಲ್ಲಿ 1995ರಲ್ಲಿ ಒಡೆಯನು ‘ಬ್ರೌನ್ಸ್’ ಎಂಬ ತನ್ನ ತಂಡವನ್ನು ಬಾಲ್ಟಿಮೋರಿಗೆ ಸಾಗಿಸುವೆನೆಂದ. ಪುರಜನರು ಕಾದಾಡಿದರು. ಆಟಗಾರರು ಹೋದರು, ಹೆಸರು, ಬಣ್ಣ, ಹಳೆಯ ದಾಖಲೆಗಳು ಊರಿನಲ್ಲಿಯೇ ಉಳಿಯಬೇಕೆಂದು ಒಪ್ಪಂದವಾಯಿತು. ಮೂರು ಋತುಗಳು ತಂಡವಿಲ್ಲದೆ ಬರಿಯ ಹೆಸರನ್ನು ಕಾಪಾಡಿಕೊಂಡು ಕುಳಿತವರಿಗೆ 1999ರಲ್ಲಿ ಹೊಸ ತಂಡ ದೊರೆಯಿತು. ಹಾಸನಕ್ಕಿಂತ ದೊಡ್ಡದೇನೂ ಅಲ್ಲದ ಗ್ರೀನ್ ಬೇ ಪಟ್ಟಣದಲ್ಲಿಯಾದರೋ ತಂಡವು 1923ರಿಂದ ಷೇರು ಕೊಂಡ ಜನರ ಸ್ವತ್ತು. ಮಾರುವ ಒಡೆಯನೇ ಅಲ್ಲಿ ಇಲ್ಲ. ಬೆಂಗಳೂರಿನ ಅಭಿಮಾನಿಗೆ ಈ ಎರಡು ಬಗೆಯ ಆಸರೆಯೂ ಇಲ್ಲ.

ಅವನ ಪಾಲಿಗಿದ್ದುದು ತಾಳ್ಮೆ. 2009, 2011, 2016ರ ಅಂತಿಮ ಪಂದ್ಯಗಳಲ್ಲಿ ಸೋಲು. ಅದರಲ್ಲಿ 2011ರದು ಚೆನ್ನೈಯ ಎದುರು ಚೆನ್ನೈಯಲ್ಲಿಯೇ. ‘ಈ ಸಲ ಕಪ್ ನಮ್ದೇ’ ಎಂಬುದು ಮೊದಲು ಘೋಷಣೆಯಾಗಿದ್ದು ಬರಬರುತ್ತ ಎದುರಾಳಿಗಳ ಹಾಸ್ಯವಾಯಿತು. ಕೊನೆಗೆ 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ ಬೆಂಗಳೂರು ಗೆದ್ದಿತು. ಮಾರನೆಯ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಉಂಟಾದ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಸತ್ತರು. ಹೆಚ್ಚಿನವರು ಎಳೆಯರು. ಈ ಜಿಲ್ಲೆಯ ಮಣ್ಣಿಗೂ ಅದರಲ್ಲಿ ಒಂದು ಪಾಲು ಬಂತು. ಹದಿನೇಳು ವರ್ಷ ಕಾದು ಪಡೆದ ಸಂತೋಷವು ಒಂದು ಹಗಲು ಪೂರ್ತಿಯಾಗಿ ಬಾಳಲಿಲ್ಲ.

ಆ ವರ್ಷದ ಆಟವಿಲ್ಲದ ತಿಂಗಳುಗಳು ಹಿಂದಿನಂತೆ ಇರಲಿಲ್ಲ. ಯಾರನ್ನು ಕೊಳ್ಳುವರೆಂಬ ಸುದ್ದಿಗೆ ಮುಂಚೆ ವಿಚಾರಣೆಯ ಸುದ್ದಿ ಬಂದಿತು; ಹೆಂಗಸರ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ಬೇರೆಡೆಗೆ ಹೋದವು. ನವೆಂಬರಿನಲ್ಲಿ ಒಡೆತನದ ಕಂಪನಿಯವರು ತಂಡದಲ್ಲಿ ತಾವು ತೊಡಗಿಸಿದ ಬಂಡವಾಳವನ್ನು ಪುನಃ ಪರಿಶೀಲಿಸುವೆವೆಂದು ಪ್ರಕಟಿಸಿದರು. ಆಟಗಾರರು ಮಾರಾಟಕ್ಕೆ ಬರುವುದನ್ನು ಸಹಿಸಲು ಕಲಿತಿದ್ದ ಜನ, ಹೆಸರೇ ಮಾರಾಟಕ್ಕೆ ಬಂದೀತೆಂಬುದನ್ನು ಮೊದಲ ಸಲ ಯೋಚಿಸಿದರು.

ಅದೇ ತಿಂಗಳಲ್ಲಿ ಚೆನ್ನೈಯವರು ರವೀಂದ್ರ ಜಡೇಜರನ್ನು ರಾಜಸ್ಥಾನಕ್ಕೆ ಕೊಟ್ಟು ಸಂಜು ಸ್ಯಾಮ್ಸನ್ನರನ್ನು ತೆಗೆದುಕೊಂಡರು. 2023ರ ಅಂತಿಮ ಪಂದ್ಯದ ಕಡೆಯ ಎರಡು ಎಸೆತಗಳಲ್ಲಿ ಆರು, ನಾಲ್ಕು ಹೊಡೆದು ಕಪ್ಪನ್ನು ಗೆದ್ದುಕೊಟ್ಟವರು ಆ ಜಡೇಜ. ಹಳದಿ ಅಂಗಿಯ ಹುಡುಗನು ಅಂದು ಹೋಟೆಲಿಗೆ ಬಂದಾಗ ಮೇಜಿನ ಸುತ್ತಲಿದ್ದವರು ಮೂದಲಿಸಲು ಬಾಯಿ ತೆರೆದವರೇ ತಡೆದರು. ಒಬ್ಬನು ಅವನಿಗೆ ಜಾಗ ಮಾಡಿಕೊಟ್ಟು, ಸಿರಾಜ್ ಹೋದ ದಿನ ತಾನು ಊಟ ಮಾಡಲಿಲ್ಲವೆಂದು ಹೇಳಿ, ಎರಡು ಕಾಫಿ ತರುವಂತೆ ಕೂಗಿದನು.