ಕಾಗದದ ಇಂಗ್ಲಿಷ್, ಬಾಯಿಮಾತಿನ ಇಂಗ್ಲಿಷ್

ನಮ್ಮ ಗುಮಾಸ್ತರು ಇಂಗ್ಲಿಷಿನಲ್ಲಿ ಪತ್ರ ಬರೆಯಲು ಕುಳಿತರೆ 'ಸ್ಟಾರ್ಟ್' ಎಂಬುದು 'ಕಮೆನ್ಸ್' ಆಗುತ್ತದೆ, 'ಯೂಸ್' ಎಂಬುದು 'ಯುಟಿಲೈಸ್' ಆಗುತ್ತದೆ, 'ಟೆಲ್' ಎಂಬುದು 'ಇಂಟಿಮೇಟ್' ಆಗುತ್ತದೆ. ಕೊನೆಗೆ 'ಡು ದ ನೀಡ್‌ಫುಲ್' ಎಂದು ಬರೆದು ಸಹಿ ಹಾಕಿದರೆ ಪತ್ರಕ್ಕೊಂದು ತೂಕ ಬಂತೆಂದು ಲೆಕ್ಕ. ಕೊಲ್ಲಿ ನಾಡಿನ ಕಚೇರಿಯೊಂದರಲ್ಲಿ ದುಡಿಯುತ್ತಿದ್ದಾಗ ನನ್ನ ಪಕ್ಕದ ಮೇಜಿನಲ್ಲಿ ಇಂಗ್ಲೆಂಡಿನವರೊಬ್ಬರಿದ್ದರು. 'ಪ್ಲೀಸ್ ರಿವರ್ಟ್' ಎಂದು ಮುಗಿಯುವ ಪತ್ರ ಕಂಡರೆ, "ನಾನು ಯಾವ ಹಳೆಯ ಸ್ಥಿತಿಗೆ ಮರಳಬೇಕಂತೆ?" ಎಂದು ನಗುತ್ತಿದ್ದರು. ಅವರ ನಾಡಿನಲ್ಲಿ ಆ ಪದಕ್ಕೆ ಹಿಂದಿನ ಸ್ಥಿತಿಗೆ ಮರಳುವುದು ಎಂದೇ ಮುಖ್ಯ ಅರ್ಥ. 'ಉತ್ತರ ಕೊಡಿ' ಎಂಬ ಅರ್ಥದಲ್ಲಿ ಅದನ್ನು ಹೆಚ್ಚಾಗಿ ಬಳಸುವವರು ನಾವು.

ಹಾಗಾದರೆ ಇಂಗ್ಲಿಷ್ ತಾಯ್ನುಡಿಯಾಗಿರುವವರು ಇಂತಹ ದೊಡ್ಡ ಕ್ರಿಯಾಪದಗಳನ್ನು ಬಳಸುವುದೇ ಇಲ್ಲವೇ? ಖಂಡಿತ ಬಳಸುತ್ತಾರೆ. ಆದರೆ ಅದು ಕಾನೂನು, ಕರಾರು, ವಿಮೆಯ ಕಾಗದಗಳಲ್ಲಿ. ಮಾತಿಗೆ ಕುಳಿತಾಗ 'ಅಸರ್ಟೇನ್' ಹೋಗಿ 'ಫೈಂಡ್ ಔಟ್' ಬರುತ್ತದೆ, 'ಪೋಸ್ಟ್‌ಪೋನ್' ಬದಲು 'ಪುಟ್ ಆಫ್' ಬರುತ್ತದೆ. ಇದರ ಹಿಂದೆ ಚರಿತ್ರೆಯಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಆಸ್ಥಾನಕ್ಕೆ, ನ್ಯಾಯಾಲಯಕ್ಕೆ ಫ್ರೆಂಚ್ ಬಂತು. ಹೊಲ, ಮನೆ, ಅಡುಗೆಮನೆಗಳಲ್ಲಿ ಇಂಗ್ಲಿಷ್ ಉಳಿಯಿತು. 'ಬಿಗಿನ್' ಆ ಮನೆಯ ಮಾತು. 'ಕಮೆನ್ಸ್' ಫ್ರೆಂಚಿನಿಂದ ಬಂದದ್ದು. ಒಂಬತ್ತು ಶತಮಾನ ಕಳೆದರೂ ಆ ಅಂತಸ್ತಿನ ಭೇದ ಅಳಿದಿಲ್ಲ.

ನಮ್ಮಲ್ಲಿ ಹೆಚ್ಚಿನವರಿಗೆ ದಕ್ಕಿದ್ದು ಮನೆಯ ಇಂಗ್ಲಿಷ್ ಅಲ್ಲ, ಕಚೇರಿಯ ಇಂಗ್ಲಿಷ್. 'ಡು ದ ನೀಡ್‌ಫುಲ್' ಕೂಡ ಒಂದು ಕಾಲಕ್ಕೆ ಬ್ರಿಟಿಷರದ್ದೇ ಮಾತು. ಅವರು ಬಿಟ್ಟರು, ನಾವು ಇಟ್ಟುಕೊಂಡೆವು. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಚಿಂತಿಸಬೇಕಾದದ್ದು ಬೇರೆ.

ನಮ್ಮ ನೆರೆಮನೆಯ ಮಹಿಳೆಯೊಬ್ಬರ ಗಂಡ ತೀರಿಕೊಂಡಾಗ ವಿಮೆಯ ಪತ್ರ ಬಂತು. ಮೂವತ್ತು ದಿನದೊಳಗೆ ದಾಖಲೆಗಳನ್ನು 'ಫರ್ನಿಶ್' ಮಾಡಬೇಕೆಂದಿತ್ತು. ಓದಿಕೊಟ್ಟ ಹುಡುಗನಿಗೆ ಗೊತ್ತಿದ್ದದ್ದು ಫರ್ನಿಚರ್ ಮಾತ್ರ. "ಮನೆಯ ಕುರ್ಚಿ-ಮೇಜಿನ ಲೆಕ್ಕ ಯಾಕೆ ಕೇಳ್ತಾರೆ?" ಎಂದು ಆಕೆ ಹೆದರಿ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಬಿಟ್ಟಿದ್ದರು. ಅದು ನನ್ನ ಕೈಗೆ ಬಂದಾಗ ಉಳಿದದ್ದು ನಾಲ್ಕೇ ದಿನ. ಅಲ್ಲಿ 'ಸೆಂಡ್' ಎಂಬ ಪದವಿದ್ದಿದ್ದರೆ ಹುಡುಗನೇ ಹೇಳಿಬಿಡುತ್ತಿದ್ದ.

ಇಂಗ್ಲಿಷ್ ನಾಡಿನ ಬಡವರೂ ಈ ಕಷ್ಟ ಉಂಡವರೇ. 1948ರಲ್ಲಿ ಸರ್ ಅರ್ನೆಸ್ಟ್ ಗೋವರ್ಸ್ ಬ್ರಿಟಿಷ್ ಸರಕಾರಿ ನೌಕರರಿಗೆ ಸರಳವಾಗಿ ಬರೆಯುವುದನ್ನು ಕಲಿಸಲು ಪುಸ್ತಕವನ್ನೇ ಬರೆದರು. 1979ರಲ್ಲಿ ಕ್ರಿಸ್ಸಿ ಮಾಹರ್ ಎಂಬ ಮಹಿಳೆ ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ಅರ್ಥವಾಗದ ಸರಕಾರಿ ಕಾಗದಗಳನ್ನು ಚೂರು ಮಾಡಿ ಸರಳ ಇಂಗ್ಲಿಷಿನ ಚಳವಳಿ ಆರಂಭಿಸಿದರು. ಅಮೆರಿಕದಲ್ಲಿ 2010ರಲ್ಲಿ ಇದಕ್ಕಾಗಿ ಕಾನೂನೇ ಬಂತು.

ಕನ್ನಡಕ್ಕೆ ಬದಲಾಯಿಸಿದ ಮಾತ್ರಕ್ಕೆ ಈ ರೋಗ ವಾಸಿಯಾಗದು. 'ಅಗತ್ಯ ಕ್ರಮಕ್ಕಾಗಿ ಸಲ್ಲಿಸತಕ್ಕದ್ದು' ಎಂಬ ನಮ್ಮ ಕಚೇರಿಯ ಕನ್ನಡವೂ ಅದೇ ಮನೆತನದ್ದು. ಪತ್ರ ಬರೆಯುವವರು ತಮ್ಮ ಮೇಲಧಿಕಾರಿಯನ್ನಲ್ಲ, ಅದನ್ನು ಕೈಯಲ್ಲಿ ಹಿಡಿದು ಓದಿಸಿಕೊಳ್ಳಲು ಮನೆಮನೆ ಅಲೆಯುವವರನ್ನು ನೆನೆದು ಬರೆಯಲಿ.