ಪಾಯ ಎಷ್ಟು ಎತ್ತರ?

ನಮ್ಮ ಕಡೆ ಮನೆ ಕಟ್ಟಿಸ್ತಿದ್ದೀವಿ ಅಂದ್ರೆ ಸಾಕು, ಮೂರು ಪ್ರಶ್ನೆ ಗ್ಯಾರಂಟಿ. ಎಷ್ಟು ಚದರ? ಬಾಗಿಲು ಯಾವ ದಿಕ್ಕಿಗೆ? ಚದರಕ್ಕೆ ಎಷ್ಟು ಅಂತ ಮಾತಾಡಿದ್ರಿ? ಒಂದೂವರೆ ವರ್ಷ ಹೇಳಿ ಹೇಳಿ ಈ ಮೂರಕ್ಕೂ ಉತ್ತರ ನನಗೆ ಬಾಯಿಪಾಠವಾಗಿತ್ತು. ಆದರೆ ನಮ್ಮ ಮನೆಯಲ್ಲಿ ನಿಜವಾದ ಜಟಾಪಟಿ ನಡೆದದ್ದು ಯಾರೂ ಕೇಳದ ನಾಲ್ಕನೇ ಪ್ರಶ್ನೆಗೆ. ಪಾಯ ರಸ್ತೆಯಿಂದ ಎಷ್ಟು ಎತ್ತರ ಇರಬೇಕು?

ನಿವೇಶನ ತುಮಕೂರಿನದು, 30×40. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದಾಗ ಕಂತು ಕಟ್ಟಿ ಕೊಂಡಿದ್ದು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ, ಶುಕ್ರವಾರ ರಾತ್ರಿ ರೈಲು ಹತ್ತಿದರೆ ಮನೆ. ಅಪ್ಪ, ಅಮ್ಮ, ಅಜ್ಜಿ ನಿವೇಶನದ ಪಕ್ಕದ ರಸ್ತೆಯಲ್ಲೇ ಬಾಡಿಗೆಗಿದ್ದರು. ಅಪ್ಪನ ತಾಯಿ ಅಜ್ಜಿಗೆ ಎಂಬತ್ಮೂರು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದ ಮೇಲೆ ಗಾಲಿಕುರ್ಚಿಯೇ ಕಾಲು. ಬಾಡಿಗೆ ಮನೆಗೆ ಐದು ಮೆಟ್ಟಿಲು. ಹಾಗಾಗಿ ಎರಡು ವರ್ಷದಲ್ಲಿ ಅಜ್ಜಿ ಹೊರಗೆ ಬಂದದ್ದು ಆಸ್ಪತ್ರೆಗೆ ಮಾತ್ರ, ಅದೂ ಇಬ್ಬರು ಕುರ್ಚಿ ಸಮೇತ ಎತ್ತಿಕೊಂಡು. "ದೇವ್ರ ಉತ್ಸವದ ಥರ ಹೊತ್ಕೊಂಡು ಹೋಗ್ತೀರಲ್ರೋ" ಅಂತ ನಗುತ್ತಿದ್ದರು. ನಮಗೆ ಮಾತ್ರ ನಗು ಬರುತ್ತಿರಲಿಲ್ಲ.

ಮೊದಲು ದುಡ್ಡಿನ ಮಾತು ಹೇಳಿಬಿಡ್ತೀನಿ. ಸಾಲ 30 ಲಕ್ಷ, ಶೇ 8.5 ಬಡ್ಡಿ, 20 ವರ್ಷ. ಅಂದರೆ ತಿಂಗಳಿಗೆ ಸುಮಾರು 26 ಸಾವಿರ ಇಎಂಐ, ನನ್ನ ಸಂಬಳದಿಂದ. ಆದರೆ ನಿವೇಶನ ಅಪ್ಪನ ಹೆಸರಲ್ಲಿ. ಹಾಗಾಗಿ ಅಪ್ಪ ಸಹ-ಅರ್ಜಿದಾರರಾಗಲೇಬೇಕು ಅಂದಿತು ಬ್ಯಾಂಕು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ. ಆದರೆ ಬರೀ ಇಎಂಐ ಕಟ್ಟಿದರೆ ಅದು ಸಿಗುವುದಿಲ್ಲ, ಆಸ್ತಿಯಲ್ಲಿ ನಿಮ್ಮ ಹೆಸರೂ ಇರಬೇಕು.

ಅಪ್ಪ ಅರ್ಧ ಭಾಗವನ್ನು ನನಗೆ ದಾನಪತ್ರ ಮಾಡಲು ಹೊರಟಾಗ ನೆಂಟರಲ್ಲಿ ಗುಸುಗುಸು. "ಮದುವೆಯಾಗಿ ಹೋಗೋ ಹುಡುಗಿ ಹೆಸರಿಗೆ ಯಾಕೆ?" ಅಪ್ಪ ಪುಣೆಯಲ್ಲಿರೋ ನನ್ನ ತಮ್ಮನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಎಲ್ಲರೆದುರೇ ಕೇಳಿದರು. "ಸಾಲ ಅವಳದ್ದು, ಹೆಸರು ನಂದು ಅಂದ್ರೆ ಯಾವ ನ್ಯಾಯಾಪ್ಪ? ಬರೆದುಕೊಡಿ" ಅಂದ ಅವನು. ಅಲ್ಲಿಗೆ ಮಾತು ಮುಗಿಯಿತು. ಅಣ್ಣ-ತಮ್ಮ, ಅಕ್ಕ-ತಂಗಿ ಇರುವ ಮನೆಯಲ್ಲಿ ಈ ಮಾತು ಗುದ್ದಲಿ ಪೂಜೆಗೆ ಮೊದಲೇ ಆಗಿಬಿಡಬೇಕು. ಗೋಡೆ ಎದ್ದ ಮೇಲೆ ಆಡಿದರೆ ಅದೇ ಮಾತಿಗೆ ಬೇರೆ ಅರ್ಥ ಬರುತ್ತದೆ.

ಕೆಲಸ ಲೇಬರ್ ಕಾಂಟ್ರಾಕ್ಟ್‌ಗೆ ಕೊಟ್ಟೆವು. ಮೇಸ್ತ್ರಿದು ಕೂಲಿ, ಸಾಮಾನು ನಮ್ಮದು. ಕೆಳಗೆ ಏಳೂವರೆ ಚದರ, ಮೇಲೆ ಐದು. ಚದರದ ರೇಟಿನ ಬಗ್ಗೆ ಎಲ್ಲರೂ ಚೌಕಾಸಿ ಮಾಡ್ತಾರೆ, ಯಾವುದೆಲ್ಲ ಚದರಕ್ಕೆ ಸೇರುತ್ತೆ ಅಂತ ಕೇಳೋರು ಕಡಿಮೆ. ಸಂಪು, ಕಾಂಪೌಂಡು, ಪ್ಯಾರಾಪೆಟ್, ಸಜ್ಜೆ, ಮೆಟ್ಟಿಲು ಇವೆಲ್ಲ ರೇಟಿನೊಳಗಾ ಹೊರಗಾ ಅಂತ ಒಂದೊಂದಾಗಿ ಬರೆಸಿಕೊಂಡೆ. ಮೇಸ್ತ್ರಿಗೆ ಸ್ವಲ್ಪ ಬೇಜಾರಾಯಿತು. ನಾನು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದದ್ದೂ ಅಪ್ಪನ ಮುಖ ನೋಡಿಯೇ. "ಮೇಷ್ಟ್ರೇ, ಮೇಡಮ್ಮೋರು ಆಫೀಸ್ ಲೆಕ್ಕ ಹೇಳ್ತಾರೆ, ಸೈಟಲ್ಲಿ ನಡೆಯೋದೇ ಬೇರೆ."

ಅದೇ ಧಾಟಿಯಲ್ಲಿ ಪಾಯದ ಮಾತೂ ಬಂತು. "ಮೂರಡಿ ಏರಿಸ್ಬಿಡಿ ಮೇಷ್ಟ್ರೇ, ನಾಳೆ ರೋಡ್ನೋರು ಡಾಂಬರು ಮೇಲೆ ಡಾಂಬರು ಸುರೀತಾರೆ. ಎದುರು ಮನೆ ನೋಡಿ." ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎದುರಿನ ಹಳೇ ಮನೆಗೆ ಮೊದಲು ಎರಡು ಮೆಟ್ಟಿಲು ಹತ್ತಬೇಕಿತ್ತಂತೆ, ಈಗ ಒಂದು ಮೆಟ್ಟಿಲು ಇಳಿಯಬೇಕು. ಜೋರು ಮಳೆ ಬಂದರೆ ಆ ಮನೆಯವರು ಗೇಟಿಗೆ ಮರಳು ಮೂಟೆ ಇಡುತ್ತಾರೆ. ಅಪ್ಪನೂ ಮೂರಡಿಯ ಪರವೇ.

ನನ್ನ ತಲೆಯಲ್ಲಿದ್ದದ್ದು ಗಾಲಿಕುರ್ಚಿ. ಗಾಲಿಕುರ್ಚಿ ಹೋಗುವ ಇಳಿಜಾರಿಗೆ ಎಲ್ಲ ಕಡೆ ಒಪ್ಪಿರುವ ಲೆಕ್ಕ ಒಂದಕ್ಕೆ ಹನ್ನೆರಡು. ಒಂದಡಿ ಏರಬೇಕಾದರೆ ಹನ್ನೆರಡಡಿ ಉದ್ದ ಬೇಕು. ಮೂರಡಿ ಏರಿಸಿದರೆ ರ‍್ಯಾಂಪ್ 36 ಅಡಿ. ನಿವೇಶನದ ಉದ್ದವೇ 40. ಅದರಲ್ಲಿ ಮೇಲೆ ಕುರ್ಚಿ ತಿರುಗಿಸಲು ಸಮತಟ್ಟು ಜಾಗವೂ ಬೇಕು. ಎರಡಡಿಗೆ ಇಳಿಸಿದರೆ 24 ಅಡಿ. ಮುಂದೆ ಐದಡಿ ಬಿಟ್ಟು, ಪಕ್ಕದ ನಾಲ್ಕಡಿ ಓಣಿಯಲ್ಲಿ 24 ಅಡಿ ರ‍್ಯಾಂಪ್, ಆಮೇಲೆ ಐದಡಿ ಸಮತಟ್ಟು, ಅಲ್ಲಿಂದ ಊಟದ ಜಾಗಕ್ಕೆ ಒಂದು ಪಕ್ಕದ ಬಾಗಿಲು. ಕಾಗದದ ಮೇಲೆ ಅಳತೆ ಕೂತಿತು.

ಮೇಸ್ತ್ರಿ ಒಪ್ಪಲಿಲ್ಲ. "ಮೂರಡಿನೇ ಏರಿಸಿ. ಹದಿನೆಂಟು ಅಡೀಲಿ ಜಾರು ಮಾಡ್ಕೊಡ್ತೀನಿ. ಸ್ಕೂಟ್ರೇ ಹತ್ತುತ್ತೆ, ಕುರ್ಚಿ ಹತ್ತಲ್ವಾ?" ಹದಿನೆಂಟಕ್ಕೆ ಮೂರು ಅಂದರೆ ಒಂದಕ್ಕೆ ಆರು. ಎರಡರಷ್ಟು ಕಡಿದು. ಬಾಯಲ್ಲಿ ವಾದ ಮಾಡಿ ಪ್ರಯೋಜನವಿಲ್ಲ ಅನ್ನಿಸಿ, ಭಾನುವಾರ ಅಜ್ಜಿಯ ಕುರ್ಚಿಯನ್ನೇ ಸೈಟಿಗೆ ತಂದೆ. ಎಂಟಡಿ ಉದ್ದದ ಸೆಂಟ್ರಿಂಗ್ ಹಲಗೆಗಳನ್ನು ಜೋಡಿಸಿ, ಒಂದು ತುದಿಗೆ ಎಂಟಿಂಚಿನ ಸಾಲಿಡ್ ಬ್ಲಾಕ್ ಕೊಟ್ಟರೆ ಸರಿಯಾಗಿ ಒಂದಕ್ಕೆ ಹನ್ನೆರಡು. ಬ್ಲಾಕಿನ ಮೇಲೆ ಇನ್ನೊಂದು ಬ್ಲಾಕ್ ಇಟ್ಟರೆ ಒಂದಕ್ಕೆ ಆರು. "ನೀವೇ ಕೂತ್ಕೊಳ್ಳಿ ಮೇಸ್ತ್ರಿ" ಅಂದೆ.

ಮೊದಲು ಒಂದೇ ಬ್ಲಾಕು. ಅರವತ್ತನಾಲ್ಕರ ಅಪ್ಪ ನಿಧಾನಕ್ಕೆ ತಳ್ಳಿಕೊಂಡು ಹೋದರು. ಆಮೇಲೆ ಎರಡು ಬ್ಲಾಕು. ಅಪ್ಪ ಅರ್ಧಕ್ಕೇ ನಿಂತರು. ಗಾರೆ ಕೆಲಸದ ಹುಡುಗ ಬಂದು ಹೆಗಲು ಕೊಟ್ಟು ಹತ್ತಿಸಿದ. ಇಳಿಯುವಾಗ ಕುರ್ಚಿ ಮುಂದಕ್ಕೆ ಎಳೆದುಕೊಂಡು ಹೋಗಿ, ಮೇಸ್ತ್ರಿ ಎರಡೂ ಕೈಯಲ್ಲಿ ಚಕ್ರ ಹಿಡಿದುಕೊಂಡು "ಹಿಡ್ಕಳ್ರೋ, ಹಿಡ್ಕಳ್ರೋ" ಅಂತ ಕೂಗಿದರು. ಸೈಟೆಲ್ಲ ನಗು. ಎದ್ದು ಪಂಚೆ ಸರಿಮಾಡಿಕೊಂಡು, ಅವತ್ತು ಮೊದಲ ಸಲ ನನ್ನ ಮುಖ ನೋಡಿ ಕೇಳಿದರು. "ಎರಡಡಿಗೆ ಮಾಡಿದ್ರೆ ಮಳೆ ನೀರಿಗೇನ್ ಮಾಡ್ತೀರಾ ಮೇಡಂ?"

ಪ್ರಶ್ನೆ ಸರಿಯಾಗಿತ್ತು, ಉತ್ತರವನ್ನೂ ಅವರೇ ಕೊಟ್ಟರು. ಗೇಟಿನ ಜಾಗದಲ್ಲಿ ನೆಲವನ್ನು ರಸ್ತೆಗಿಂತ ನಾಲ್ಕಿಂಚು ಉಬ್ಬಿಸಿ ಎರಡೂ ಕಡೆ ನಯವಾಗಿ ಇಳಿಸುವುದು. ಗೇಟಿನ ಒಳಗೆ ಅಡ್ಡಕ್ಕೆ ಒಂದು ಕಾಲುವೆ, ಮೇಲೆ ಕಬ್ಬಿಣದ ಜಾಲರಿ. ಜಾಲರಿಯ ಸಂದು ಕುರ್ಚಿಯ ಮುಂದಿನ ಚಿಕ್ಕ ಚಕ್ರ ಸಿಕ್ಕಿಕೊಳ್ಳದಷ್ಟು ಕಿರಿದು. ರ‍್ಯಾಂಪಿಗೆ ಟೈಲ್ಸ್ ಬೇಡ ಅಂದದ್ದೂ ಅವರೇ. ಸಿಮೆಂಟು ಹಸಿ ಇರುವಾಗಲೇ ಪೊರಕೆ ಎಳೆದು ಗೆರೆ ಮಾಡಿದರು, ನೆಂದರೂ ಜಾರುವುದಿಲ್ಲ.

ಬಾಗಿಲಿನದು ಇನ್ನೊಂದು ಲೆಕ್ಕ. ಬಚ್ಚಲ ಬಾಗಿಲು ಎರಡೂವರೆ ಅಡಿ ಅಂದರೆ ಅದು ಚೌಕಟ್ಟಿನ ಹೊರ ಅಳತೆ. ಎರಡೂ ಕಡೆ ಚೌಕಟ್ಟಿನ ಮರ ಎರಡೂವರೆ ಇಂಚು ಕಳೆದರೆ ಉಳಿಯುವುದು 25 ಇಂಚು. ಅಜ್ಜಿಯ ಕುರ್ಚಿಯ ಅಗಲ 26. ಒಂದೇ ಒಂದು ಇಂಚಿಗೆ ಮನುಷ್ಯರು ಬಚ್ಚಲಿಗೆ ಹೋಗಲು ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ. ಅಜ್ಜಿಯ ಕೋಣೆ, ಬಚ್ಚಲು, ಪಕ್ಕದ ಬಾಗಿಲು ಮೂರನ್ನೂ ಮೂರೂವರೆ ಅಡಿ ಮಾಡಿಸಿದೆವು. ಬಚ್ಚಲಿಗೆ ಹೊಸ್ತಿಲು ಇಡಲಿಲ್ಲ, ಬದಲಿಗೆ ನೆಲದ ಇಳಿಜಾರನ್ನು ಒಳಮೂಲೆಗೆ ತಿರುಗಿಸಿದೆವು.

ನೀರು ಹಾಕುವ ವಿಷಯದಲ್ಲಿ ಮತ್ತೆ ಸಣ್ಣ ಜಗಳ. ಮೋಲ್ಡ್ ಹಾಕಿದ ಮೇಲೆ ಮೂರು ದಿನ ನೀರು ಹಾಕಿದರೆ ಸಾಕು ಅನ್ನುವವರೇ ಹೆಚ್ಚು. ಐಎಸ್ 456 ಸಂಹಿತೆ ಹೇಳುವುದು ಸಾದಾ ಒಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ. ನಮ್ಮದು ಪಿಪಿಸಿ. ವಾರದ ದಿನ ನಾನು ಬೆಂಗಳೂರಲ್ಲಿ, ಅಪ್ಪನಿಗೆ ಬಿಸಿಲಲ್ಲಿ ಮೇಲೆ ಹತ್ತಿ ಇಳಿಯುವುದು ಕಷ್ಟ. ಅಜ್ಜಿಗೆ ಫೋನಿನಲ್ಲಿ ಮೋಲ್ಡಿನ ಫೋಟೊ ತೋರಿಸಿದಾಗ, "ಪೈಪ್ ಹಿಡ್ಕಂಡು ಯಾಕೆ ನಿಲ್ತೀರಿ? ಗದ್ದೆಗೆ ಕಟ್ಟಿದಂಗೆ ಬದ ಕಟ್ಟಿ ನೀರು ನಿಲ್ಸಿ" ಅಂದರು. ಅದೇ ಸರಿಯಾದ ಕ್ರಮವೂ ಹೌದು. ಸಿಮೆಂಟಿನಲ್ಲಿ ಸಣ್ಣ ಸಣ್ಣ ಬದು ಕಟ್ಟಿ ಎರಡಿಂಚು ನೀರು ನಿಲ್ಲಿಸಿದೆವು. ಹತ್ತು ದಿನವೂ ಸಂಜೆ ಅಪ್ಪ ಬಂದ ಕೂಡಲೇ ಅಜ್ಜಿ ಕೇಳುತ್ತಿದ್ದದ್ದು ಒಂದೇ, "ಮಡಿ ತುಂಬೈತಾ?"

ಕಟ್ಟಿಸುವವರಿಗೆ ಉಪಯೋಗವಾಗುವ ಇನ್ನೆರಡು ಮಾತು. ಕಂಬಿಯನ್ನು ಎಣಿಸಿ ತಗೋಬೇಡಿ, ತೂಗಿಸಿ ತಗೊಳ್ಳಿ. ಕಂಬಿಯ ದಪ್ಪ ಎಷ್ಟು ಮಿಲಿಮೀಟರೋ ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಬರುತ್ತದೆ. 12 ಎಂಎಂ ಕಂಬಿ 12 ಮೀಟರ್ ಉದ್ದವಿದ್ದರೆ ಸುಮಾರು 10.66 ಕೆಜಿ. ಈ ಗಾತ್ರಕ್ಕೆ ಶೇ 5ರಷ್ಟು ಆಚೀಚೆ ಆಗಲು ಮಾನಕದಲ್ಲೇ ಅವಕಾಶವಿದೆ. ಒಂದು ಲೋಡು ಅದಕ್ಕಿಂತಲೂ ಕಡಿಮೆ ತೂಗಿತು. ವೇಬ್ರಿಡ್ಜ್ ಚೀಟಿ ತೋರಿಸಿದ ಮೇಲೆ ಅಂಗಡಿಯವರು ಮಾತಿಲ್ಲದೆ ಬದಲಾಯಿಸಿದರು. ಎರಡನೆಯದು, ಗಾರೆಗೆ ಮುಂಚೆ ಪ್ರತಿ ಗೋಡೆಗೂ ಅಳತೆ ಟೇಪು ಹಿಡಿದು, ಪೈಪು ಮತ್ತು ವೈರಿನ ಕೊಳವೆ ಕಾಣುವ ಹಾಗೆ ಫೋಟೊ ತೆಗೆದಿಡಿ. ಅಜ್ಜಿಯ ಬಚ್ಚಲಲ್ಲಿ ಹಿಡಿಕೆ ಕೂರಿಸಲು ಡ್ರಿಲ್ ಹಾಕುವಾಗ, ಪೈಪು ಎಲ್ಲಿದೆ ಅಂತ ಪ್ಲಂಬರಿಗೆ ಫೋನ್ ಮಾಡುವ ಪ್ರಮೇಯ ಬರಲಿಲ್ಲ.

ಗೃಹಪ್ರವೇಶದ ದಿನ ಎಲ್ಲರೂ ಮುಂಬಾಗಿಲಿನ ಹೊಸ್ತಿಲು ದಾಟಿ ಬಲಗಾಲಿಟ್ಟು ಒಳಗೆ ಬಂದರು. ಅಜ್ಜಿಯನ್ನೂ ಹಾಗೇ ಕರೆದುಕೊಂಡು ಬರಬೇಕು, ಹಿರಿಯರು ಪಕ್ಕದ ಬಾಗಿಲಿಂದ ಬರಬಾರದು ಅಂತ ದೊಡ್ಡಪ್ಪ ಹಟ ಹಿಡಿದರು. ಇಬ್ಬರು ಹುಡುಗರು ಕುರ್ಚಿ ಎತ್ತಲು ಬಂದೂಬಿಟ್ಟರು. ಅಜ್ಜಿ ಕೈ ಅಡ್ಡ ಹಿಡಿದರು. "ಬುಡ್ರಪ್ಪ, ಹೊರೋದೆಲ್ಲ ಆಯ್ತು. ನನ್ ಬಾಕ್ಲು ಆ ಕಡೆ ಐತೆ." ಪುರೋಹಿತರು ಕುಂಕುಮದ ಬಟ್ಟಲು ಹಿಡಿದು ಓಣಿಗೆ ಹೋಗಿ, ಆ ಬಾಗಿಲಿಗೂ ಇಟ್ಟು ಬಂದರು. ಅಮ್ಮ ಆರತಿ ಎತ್ತಿದರು.

ಈಗ ಆರು ತಿಂಗಳಾಯಿತು. ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ, ಅಪ್ಪನ ಸ್ಕೂಟರು ಎಲ್ಲ ಆ ಓಣಿಯಲ್ಲೇ ಬರುತ್ತವೆ. ಅಮ್ಮನಿಗೆ ಮಂಡಿ ನೋವು ಶುರುವಾಗಿದೆ, ಅವರೂ ಮೆಟ್ಟಿಲು ಬಿಟ್ಟು ಆ ಕಡೆಯೇ ಓಡಾಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ಸೊಪ್ಪಿನ ಗಾಡಿಯ ಕೂಗು ಕೇಳಿದರೆ ಅಜ್ಜಿ ಯಾರನ್ನೂ ಕರೆಯುವುದಿಲ್ಲ. ಕಂಬಿ ಹಿಡಿದು ಕುರ್ಚಿಯನ್ನು ನಿಧಾನಕ್ಕೆ ಬಿಟ್ಟುಕೊಂಡು ಗೇಟಿನವರೆಗೆ ಹೋಗುತ್ತಾರೆ. ಹತ್ತುವಾಗ ಯಾರಾದರೂ ತಳ್ಳಬೇಕು, ಬಹಳಷ್ಟು ಸಲ ಸೊಪ್ಪಿನವಳೇ ತಳ್ಳುತ್ತಾಳೆ. ಅದಕ್ಕೂ ಮೊದಲು ಒಂದು ಕಟ್ಟು ದಂಟಿಗೆ ಐದು ರೂಪಾಯಿ ಇಳಿಸಿ ಅಂತ ಇಬ್ಬರಿಗೂ ಕಾಲು ಗಂಟೆ ಜಗಳ ಆಗಿರುತ್ತದೆ.