ಟ್ರಂಕಿನಲ್ಲಿದ್ದ ಮಾವನವರ ಅಂಗಿ

ಸ್ವಾತಂತ್ರ್ಯ ದಿನದ ವೇಷಸ್ಪರ್ಧೆಗೆಂದು ಮಗ, ಟ್ರಂಕಿನಲ್ಲಿದ್ದ ಅಜ್ಜನ ಮಿಲಿಟರಿ ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತಿದ್ದ. ತೋಳಿನಲ್ಲಿ ಹವಾಲ್ದಾರರ ಮೂರು ಪಟ್ಟಿ, ಎದೆಯ ಮೇಲೆ 1971ರ ಯುದ್ಧದ ಪಶ್ಚಿಮಿ ಸ್ಟಾರ್. ನನಗೋ ಹೆಮ್ಮೆ. ಅತ್ತೆ ಮಾತ್ರ "ಬಿಚ್ಚೋ ಅದನ್ನ!" ಎಂದು ಗದರಿಬಿಟ್ಟರು. ಹುಡುಗ ಅಳತೊಡಗಿದ. "ಮಕ್ಕಳಾಟಕ್ಕೆ ಇಷ್ಟು ಕೋಪವೇ ಅತ್ತೆ?" ಎಂದು ನಾನೂ ಮುನಿಸಿಕೊಂಡೆ.

ರಾತ್ರಿ ಅವರೇ ಹೇಳಿದರು: "ನಿನ್ನ ಮಾವ ರಿಟೈರಾದ ಮೇಲೆ ಆ ಅಂಗಿ ಮುಟ್ಟಲಿಲ್ಲ. ಪದಕ ಹಾಕ್ಕೊಳ್ತಿದ್ದದ್ದು ಕೋಟಿನ ಮೇಲೆ, ಅದೂ ಸಮಾರಂಭಕ್ಕೆ ಮಾತ್ರ. ಪಟ್ಟಿ ದುಡಿದು ಗಳಿಸೋದಮ್ಮ, ಎರವಲು ತರೋದಲ್ಲ."

ಜನ ಸೈನಿಕನೆಂದು ನಂಬಲಿ ಎಂದೇ ಅಂಥ ಉಡುಪು ತೊಟ್ಟರೆ ಕಾನೂನಿನಲ್ಲೂ ಶಿಕ್ಷೆಯುಂಟು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಂತೆ 3 ತಿಂಗಳವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಕ್ಕಳ ವೇಷಕ್ಕೆ ಅದು ಅನ್ವಯಿಸದು, ನಿಜ. ಆದರೆ ಮರ್ಯಾದೆಯ ಮಾತು ಬೇರೆ ಅಲ್ಲವೇ?

ಮಗನಿಗೆ ಬಿಳಿ ಜುಬ್ಬ, ಟೋಪಿ ತೊಡಿಸಿ ಕಳಿಸಿದೆ. ಮುಂದೆ ಯುದ್ಧಸ್ಮಾರಕಕ್ಕೆ ಹೂವಿಡಲು ಹೋದಾಗ ಅತ್ತೆ ಮೈತುಂಬ ಸೆರಗು ಹೊದ್ದು, ಆ ಪದಕವನ್ನು ಬಲಗಡೆ ಚುಚ್ಚಿಕೊಂಡರು. ಗತಿಸಿದವರ ಪದಕವನ್ನು ಮನೆಯವರು ಧರಿಸುವುದು ಬಲಕ್ಕೇ. ಎಡಗಡೆ, ಗಳಿಸಿದವರಿಗೆ ಮೀಸಲು.